ಬಡಗಲ ಗೋಡೆಯ ಒಂದಡಿ

ಬೆಳಗ್ಗೆ ಆರೂಕಾಲಿಗೆ ಹೊಸೂರಿನ ಫ್ಯಾಕ್ಟರಿ ಬಸ್ಸು ತಮಿಳುನಾಡಿನ ಗಡಿಹಳ್ಳಿ ಗುಮ್ಮಳಾಪುರಕ್ಕೆ ಬಂದು ಹಾರನ್ ಬಾರಿಸಿತೆಂದರೆ ಸಾಕು, ಯುವರಾಜ ಬ್ರಷ್ಷು ಬಾಯಲ್ಲಿ ಕಚ್ಚಿಕೊಂಡು ಮನೆ ಹಿಂದಿನ ರಾಗಿಹುಲ್ಲಿನ ಬಣವೆಯ ಮರೆಗೆ ಹೋಗಿಬಿಡುತ್ತಿದ್ದ. ಅವನ ಜೊತೆ ಸ್ಕೂಲಲ್ಲಿ ಓದಿದವರೆಲ್ಲ ನೀಲಿ ಶರ್ಟು ತೊಟ್ಟು, ಊಟದ ಡಬ್ಬಿ ಹಿಡಿದು ಆ ಬಸ್ಸು ಹತ್ತುವವರು. ಕಣ್ಣಿಗೆ ಬಿದ್ದರೆ "ಏನ್ಲಾ ಯುವರಾಜ, ಇವತ್ತೂ ಲೀವಾ?" ಅಂತ ಕೂಗುತ್ತಿದ್ದರು. ಅಲ್ಲ, ನಾಲ್ಕು ತಿಂಗಳು ಲೀವು ಯಾವ ಆಫೀಸಿನವರು ಕೊಡ್ತಾರೆ ಹೇಳಿ! ಬಸ್ಸಿನ ಸದ್ದು ತಳಿ ಊರಿನ ರಸ್ತೆಯ ತಿರುವಿನಲ್ಲಿ ಪೂರಾ ಅಡಗಿದ ಮೇಲೇ ಅವನು ಬಾಯಿ ತೊಳೆಯುವುದು. ಇಡೀ ಊರಲ್ಲಿ ಇಷ್ಟು ಹೊತ್ತು ಹಲ್ಲುಜ್ಜುವವನು ನನ್ನ ಮಗ ಒಬ್ಬನೇ ಎಂದು ತಾಯಿ ಮುನಿರತ್ನಮ್ಮ ಡೈರಿಯಲ್ಲಿ ಹಾಲು ಹಾಕುವಾಗ ನಗಾಡಿದ್ದಳು. ಕಾರಣ ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ.

ಯುವರಾಜ ಆರ್ಕಿಟೆಕ್ಟು. ಕೊಯಮತ್ತೂರಿನಲ್ಲಿ ಐದು ವರ್ಷ ಓದಿದವನು. ಊರಿನವರಿಗೆ ಇಂಜಿನಿಯರ್ ಅಂದರೆ ಗೊತ್ತು, ಡಾಕ್ಟರ್ ಅಂದರೆ ಗೊತ್ತು, ಇದೇನೆಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಅವನ ಅಪ್ಪ ವೆಂಕಟಸ್ವಾಮಿ ಮೇಸ್ತ್ರಿ ಒಂದು ವಿವರಣೆ ಕಂಡುಹಿಡಿದಿದ್ದ: "ನಾನು ಮಣ್ಣಿನ್ ಮೇಲೆ ಮನೆ ಕಟ್ತೀನಿ, ನನ್ ಮಗ ಕಾಗದದ್ ಮೇಲೆ ಕಟ್ತಾನೆ. ಅವ್ನು ಮೊದ್ಲು, ನಾನು ಆಮೇಲೆ." ಸುತ್ತಿನ ಹತ್ತು ಹಳ್ಳಿಗಳಲ್ಲಿ ನಲವತ್ತು ವರ್ಷದಿಂದ ಮನೆ ಕಟ್ಟುತ್ತಿರುವ ಮೇಸ್ತ್ರಿ ಹಾಗೆ ಹೇಳುವಾಗ ಅವನ ಎದೆ ಎರಡಂಗುಲ ಮುಂದೆ ಬಂದಿರುತ್ತಿತ್ತು.

ಹೊಸೂರಿನ ಒಂದು ಆಫೀಸಿನಲ್ಲಿ ಎರಡೂವರೆ ವರ್ಷ ಕೆಲಸ ಮಾಡಿದ ಮೇಲೆ ಒಂದು ಬುಧವಾರ ನಾಲ್ಕು ಜನರನ್ನು ಕೂರಿಸಿ, ಒಳ್ಳೆ ಕಾಫಿ ಕೊಟ್ಟು, ಹೊಸ ಪ್ರಾಜೆಕ್ಟು ಬಂದಾಗ ಕೂಗುತ್ತೇವೆ ಎಂದು ಕಳಿಸಿಬಿಟ್ಟರು. ಆ ನಾಲ್ಕು ಜನರಲ್ಲಿ ಯುವರಾಜನೂ ಒಬ್ಬ. ಆಮೇಲೆ ಅವರು ಕೂಗಲಿಲ್ಲ, ಇವನು ಬೇರೆ ಕಡೆ ಕೂಗಿಸಿಕೊಳ್ಳಲು ನೋಡುತ್ತಿದ್ದ. ಮನೆಯ ತಾರಸಿ ಮೇಲೆ ನೀರಿನ ಟ್ಯಾಂಕಿನ ಪಕ್ಕ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಹೊತ್ತು ಏರುವವರೆಗೂ ಅಲ್ಲಿ ಲ್ಯಾಪ್‌ಟಾಪು ತೊಡೆ ಮೇಲಿಟ್ಟುಕೊಂಡು ಕೂತು ತಾನು ಬರೆದ ಪ್ಲಾನುಗಳನ್ನು ಕೃಷ್ಣಗಿರಿಗೆ, ಸೇಲಂಗೆ, ಬೆಂಗಳೂರಿಗೆ ಕಳಿಸುತ್ತಿದ್ದ. ಫೋನು ಮಾಡಿದರೆ ಎಲ್ಲರದೂ ಒಂದೇ ಮಾತು, 'ಸೊಲ್ರೋಂ'. ಹೇಳ್ತೀವಿ ಅಂತ ತಮಿಳಲ್ಲಿ. ಎಷ್ಟು ಮೆತ್ತಗೆ ಹೇಳುತ್ತಿದ್ದರೆಂದರೆ, ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಬಿಸಿಲು ಕಾದ ಮೇಲೂ ಅವನು ಇಳಿಯುತ್ತಿರಲಿಲ್ಲ. ಅಲ್ಲಿಂದ ಊರೆಲ್ಲ ಕಾಣುತ್ತಿತ್ತು, ಕಾಣುವ ಮನೆಗಳಲ್ಲಿ ಅರ್ಧಕ್ಕರ್ಧ ಅಪ್ಪ ಕಟ್ಟಿದವು. ಯುವರಾಜ ಒಂದೊಂದನ್ನೇ ನೋಡುತ್ತ ಮನಸ್ಸಿನಲ್ಲೇ ಕೆಡವಿ ಕಟ್ಟುತ್ತಿದ್ದ. ಇದರ ಅಡಿಗೆಮನೆ ಕತ್ತಲು. ಅದರ ಕಿಟಕಿ ಮಗುವಿನ ಸ್ಲೇಟಿನಷ್ಟು. ಅಲ್ಲಿ ಗಾಳಿ ಬರುವ ಕಡೆಯೇ ಗೋಡೆ ಎಬ್ಬಿಸಿಬಿಟ್ಟಿದ್ದಾರೆ. ಹೀಗೆ ತಪ್ಪು ಹುಡುಕಿದಷ್ಟು ಹೊತ್ತೂ ಅವನಿಗೆ ಕೆಲಸವಿದ್ದಂತೆ ಇರುತ್ತಿತ್ತು. ಕೆಳಗಿಳಿದು ಅಪ್ಪ ದುಡಿದು ತಂದ ರಾಗಿಯ ಮುದ್ದೆ ಮುರಿಯುವಾಗ ನಾಚಿಕೆಯಾಗುತ್ತಿತ್ತು. ಮತ್ತೆ ಮಾರನೇ ದಿನ ಅದೇ ತಾರಸಿ, ಅದೇ ತಪ್ಪುಗಳು.

ಹೀಗಿರುವಾಗ ಒಂದು ಸಂಜೆ ದೊಡ್ಡಮುನಿಯಮ್ಮ ಎಲೆಯಡಿಕೆ ಇಟ್ಟುಕೊಂಡ ತಟ್ಟೆ ಹಿಡಿದು ಮನೆಗೆ ಬಂದಳು. ಗಂಡ ತೀರಿಕೊಂಡ ಹೆಂಗಸು, ವಯಸ್ಸು ಅರವತ್ತೈದರ ಮೇಲೆ. ಎರಡು ಹಸು ಸಾಕಿ, ಅರ್ಧ ಎಕರೆಯಲ್ಲಿ ಸೇವಂತಿಗೆ ಬೆಳೆದು ಬದುಕು ಮಾಡುವವಳು. ಹಿಂದಿನ ಬೇಸಿಗೆಯಲ್ಲಿ ಅವಳ ಹುಲ್ಲಿನ ಮನೆ ಬೆಂಕಿ ಬಿದ್ದು ಉರಿದುಹೋಗಿತ್ತು. ಹಸುಗಳ ಹಗ್ಗ ಕೊಯ್ದು ಬಿಡುವಷ್ಟರಲ್ಲಿ ಉಟ್ಟ ಸೀರೆ ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಆವತ್ತಿನಿಂದ ತಮ್ಮನ ಮನೆಯ ಜಗಲಿಯೇ ಅವಳಿಗೆ ಮನೆ.

"ವೆಂಕಟಸ್ವಾಮಣ್ಣ, ಹೆಂಗೋ ಕೂಡಿಸ್ಕೊಂಡಿವ್ನಿ. ಒಂದ್ ಮನೆ ಅಂತ ನಿಲ್ಸಿಕೊಡು" ಎಂದಳು. "ಜಯರಾಮಯ್ಯನೋರ ಅತ್ರ ಆಯ ಕೇಳ್ಕೊಂಡು ಬಂದಿವ್ನಿ. ಉದ್ದ ಮೂವತ್ಮೂರಡಿ, ಅಗಲ ಇಪ್ಪತ್ತೈದಡಿ. ಹೊರಗಿನ್ ಅಳತೆ. ಧ್ವಜಾಯ ಬತ್ತದೆ."

ಆಯವೆಂದರೆ ಆ ಕಡೆಯ ಹಳ್ಳಿಗಳಲ್ಲಿ ಮನೆಗೆ ಜಾತಕ ಇದ್ದ ಹಾಗೆ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಅಂದರೆ ಬಾವುಟ. ಅಂಥ ಮನೆ ಏಳಿಗೆಯಾಗುತ್ತದೆ. ಎರಡು ಉಳಿದರೆ ಧೂಮ, ಹೊಗೆ. ಅದಕ್ಕೆ ಬೆಂಕಿಯ ಭಯ. ಹೀಗೆ ಎಂಟಕ್ಕೂ ಎಂಟು ಫಲ. ಜಯರಾಮಯ್ಯ ಎನ್ನುವ ಎಂಬತ್ತರ ಹಿರಿಯರು ಆಯ ಹೇಳಿದರೆಂದರೆ ಅದರ ಮೇಲೆ ಅಂಗುಲ ಹೆಚ್ಚಿಲ್ಲ, ಅಂಗುಲ ಕಮ್ಮಿಯಿಲ್ಲ.

ವೆಂಕಟಸ್ವಾಮಿ ತಟ್ಟೆ ತೆಗೆದುಕೊಂಡು, ಗೋಡೆಗೊರಗಿ ಕೂತಿದ್ದ ಮಗನ ಕಡೆ ನೋಡಿದ. "ಅಕ್ಕ, ಈ ಸಲ ಪ್ಲಾನು ನಾನ್ ಆಕಾಕಿಲ್ಲ. ನನ್ ಮಗ ಬರೀತಾನೆ. ಹೊಸೂರ್ನಾಗೆ ದೊಡ್ಡ ದೊಡ್ಡ ಮನೆ ಬರ್ದಿರೋ ಕೈ ಅದು."

"ಅಷ್ಟು ಮಾಡಪ್ಪ ಯುವರಾಜೂ. ನಿನ್ ಕೈಯಾಗೆ ಬರ್ದ ಮನೇಲಿ ಸಾಯ್ತೀನಿ" ಅಂದಳು ಮುದುಕಿ, ಸಂತೋಷಕ್ಕೆ.

ಮೂರು ದಿನ ಯುವರಾಜ ಬಣವೆ ಹಿಂದಕ್ಕೆ ಹೋಗಲಿಲ್ಲ, ಬಸ್ಸು ಬಂದದ್ದೇ ಅವನಿಗೆ ಗೊತ್ತಾಗಲಿಲ್ಲ. ಹಸುಗಳು ಕಾಣುವ ಹಾಗೆ ಅಡಿಗೆಮನೆ ಕಿಟಕಿ. ಹೂವು ಕಟ್ಟಲು ತಂಪಾದ ನಡುಮನೆ. ಮತ್ತೆ ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮನೆಯೊಳಗಿಂದಲೇ ತಾರಸಿಗೆ ಹತ್ತುವ ಮೆಟ್ಟಿಲು. ಅದರ ಮೇಲೊಂದು ಗಾಜಿನ ಕಿಂಡಿ, ಅಲ್ಲಿಂದ ಇಳಿಯುವ ಬೆಳಕು. ಆದರೆ ಇಪ್ಪತ್ತೈದು ಅಡಿಯೊಳಗೆ ಆ ಮೆಟ್ಟಿಲು ಏನು ಮಾಡಿದರೂ ಕೂರಲಿಲ್ಲ. ಒಂದಡಿ ಬೇಕಿತ್ತು.

ಒಂದಡಿ ತಾನೆ! ಅಳಿಸಿದ, ಬರೆದ, ಮತ್ತೆ ಅಳಿಸಿದ. ಎಂಟರಿಂದ ಭಾಗಿಸಿದರೆ ಉಳಿಯುವ ಶೇಷಕ್ಕೂ ಮನೆಯೊಳಗೆ ಬೀಳುವ ಬೆಳಕಿಗೂ ಏನು ಸಂಬಂಧ ಎಂದು ತನ್ನಷ್ಟಕ್ಕೆ ರೇಗಿದ. ಅವಳಿಗೆ ಒಳ್ಳೇದಾಗಲಿ ಅಂತಲೇ ಅಲ್ಲವೇ ಮಾಡುತ್ತಿರುವುದು ಎಂದೂ ಅಂದುಕೊಂಡ. ನಿಜ ಹೇಳಬೇಕೆಂದರೆ ಅವಳಿಗಿಂತ ಹೆಚ್ಚಾಗಿ, ಆ ಮೆಟ್ಟಿಲಿನ ಫೋಟೋ ತೆಗೆದು ಆಫೀಸುಗಳಿಗೆ ಕಳಿಸಬೇಕೆಂಬ ಆಸೆ ಅವನಿಗಿತ್ತು. ಕೊನೆಗೆ ಬಡಗಲ ಗೋಡೆಯನ್ನು ಒಂದಡಿ ಆಚೆಗೆ ಜರುಗಿಸಿ, ಅಗಲದ ಮೇಲೆ ೭೯೨೫ ಎಂದು ಮಿಲಿಮೀಟರಿನಲ್ಲಿ ಬರೆದ. ಅದು ಇಪ್ಪತ್ತಾರಡಿ ಎಂದು ಆ ಊರಿನಲ್ಲಿ ಯಾರಿಗೆ ತಿಳಿಯಬೇಕು?

ಪಾಯದ ಗುರುತು ಹಾಕುವ ದಿನ ವೆಂಕಟಸ್ವಾಮಿ ಒಂದು ಕೆಲಸ ಮಾಡಿದ. ಅವನದೊಂದು ಗಜಕೋಲಿತ್ತು. ಮೂರಡಿ ಉದ್ದದ ತೇಗದ ಕೋಲು, ಅವನ ಗುರು ಕೊಟ್ಟದ್ದು. ಅಡಿಗೊಂದು, ಅಂಗುಲಕ್ಕೊಂದು ಗೀರು ಕೆತ್ತಿತ್ತು. ನಲವತ್ತು ವರ್ಷ ಅದಿಲ್ಲದೆ ಅವನು ಒಂದು ಕಲ್ಲೂ ಇಟ್ಟವನಲ್ಲ. ಆವತ್ತು ಅದನ್ನು ಬಾಗಿಲ ಮೇಲಿನ ಗೂಟಗಳ ಮೇಲೇ ಬಿಟ್ಟು ಬರಿಗೈಯಲ್ಲಿ ಹೊರಟ.

"ಕೋಲು ಮರ್ತೆ" ಅಂದಳು ಮುನಿರತ್ನಮ್ಮ.

"ಮರ್ತಿಲ್ಲ ಕಣಮ್ಮಿ. ಇವತ್ತು ಮಗ ಅವ್ನೆ."

ಯುವರಾಜ ಟೇಪು ಹಿಡಿದು, ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿ ಉದುರಿಸಿದ. ಅಪ್ಪ ಅವನ ಹಿಂದೆ ಹಿಂದೆ ನಡೆಯುತ್ತ ಪ್ಲಾನನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಗಲ ಇಪ್ಪತ್ತೈದೇ ತಾನೆ?" ಎಂದು ಕೇಳಿದ.

"ಎಲ್ಲಾ ಅದ್ರಲ್ಲೇ ಐತೆ, ಬುಡಪ್ಪ."

ಸುಳ್ಳಲ್ಲ ನೋಡಿ. ಅದರಲ್ಲೇ ಇತ್ತು. ಅಪ್ಪ ತಲೆಯಾಡಿಸಿ, ಗಾರೆ ಹೊರುವ ಮಂಗಮ್ಮನ ಕಡೆ ತಿರುಗಿ ಹೆಮ್ಮೆಯಿಂದ, "ಇದು ಮಿಲಿಮೀಟರ್ ಲೆಕ್ಕ ಕಣಮ್ಮ. ನಮ್ ಕೋಲಿಗೆಲ್ಲ ಸಿಗಾಕಿಲ್ಲ" ಅಂದ. ಆಗಲೇ ಹೇಳಿಬಿಡೋಣ ಅನ್ನಿಸಿತು ಯುವರಾಜನಿಗೆ. ಆದರೆ ಪಾಯ ಅಗೆದರು, ಸೈಜುಗಲ್ಲು ಬಂತು, ಗೋಡೆ ಮೊಣಕಾಲೆತ್ತರ ಎದ್ದಿತು. ಅವನಿಗೂ ಮರೆತುಹೋಯಿತು.

ಬಾಗಿಲು ನಿಲ್ಲಿಸುವ ಶಾಸ್ತ್ರ ಒಂದು ಶುಕ್ರವಾರ ಬೆಳಗ್ಗೆ. ಬೇವಿನ ಮರದ ಚೌಕಟ್ಟಿಗೆ ಅರಿಶಿನ ಹಚ್ಚಿ, ಮಾವಿನೆಲೆ ಕಟ್ಟಿ ಮಲಗಿಸಿದ್ದರು. ಹೊಸ್ತಿಲ ಕೆಳಗೆ ಹಾಕಲು ನವಧಾನ್ಯ ಕಟ್ಟಿಟ್ಟಿತ್ತು. ತಟ್ಟೆಯಲ್ಲಿ ಮೇಸ್ತ್ರಿಗೆಂದು ತಂದ ಪಂಚೆ, ಟವಲ್ಲು. ಆ ಕಡೆಯ ರೂಢಿ ಹೇಗೆಂದರೆ, ಬಾಗಿಲು ಎತ್ತುವ ಮೊದಲು ಆಯ ಹೇಳಿದವರು ಮನೆ ಅಳೆದು 'ಸರಿ' ಅನ್ನಬೇಕು. ಆಮೇಲೆ ಮನೆಯೊಡತಿ ಎಲ್ಲರ ಮುಂದೆ ಮೇಸ್ತ್ರಿಗೆ ಬಟ್ಟೆ ಕೊಡಬೇಕು. ವೆಂಕಟಸ್ವಾಮಿ ಕಟ್ಟಿದ ಮನೆಯೆಂದರೆ ಜಯರಾಮಯ್ಯ ಎಷ್ಟೋ ವರ್ಷದಿಂದ ಅಳೆದವರೇ ಅಲ್ಲ. ಶಾಸ್ತ್ರಕ್ಕೆ ಗೋಡೆಗೆ ತಮ್ಮ ಗಜಕೋಲು ಮುಟ್ಟಿಸಿ, "ವೆಂಕಟಸ್ವಾಮಿ ಕೈ, ಸರಿ" ಅಂದುಬಿಡುತ್ತಿದ್ದರು. ಅವತ್ತೂ ಹಾಗೇ ಅನ್ನಲಿದ್ದರು.

"ಪೂರಾ ಅಳೀರಿ ಸ್ವಾಮಿ" ಅಂದಳು ದೊಡ್ಡಮುನಿಯಮ್ಮ. "ಒಂದ್ಸಲ ಸುಟ್ಕೊಂಡೋಳು ನಾನು. ಬೇಜಾರ್ ಮಾಡ್ಕೋಬ್ಯಾಡ, ಮೇಸ್ತ್ರಿ."

"ಅಳೀಲಿ ಬುಡಕ್ಕ, ಅದ್ಕೇನಂತೆ" ಎಂದು ನಕ್ಕ ವೆಂಕಟಸ್ವಾಮಿ.

ಜಯರಾಮಯ್ಯ ತೆಂಕಲಿಂದ ಬಡಗಲಿಗೆ ಕೋಲು ಮಗುಚುತ್ತ ಹೋದರು. ಒಂದು, ಎರಡು, ಮೂರು. ಎಂಟು ಗಜ ಆಗಿ ಒಂದಡಿಗೆ ಗೋಡೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇನ್ನೊಂದಡಿ ಆಚೆ ಹೋಯಿತು. ಅವರು ಹಿಂದಕ್ಕೆ ಬಂದು ಮತ್ತೆ ಮೊದಲಿಂದ ಅಳೆದರು. ಸೇರಿದ್ದ ಮೂವತ್ತು ಜನ ಗೋಡೆಯ ಹತ್ತಿರಕ್ಕೆ ಸರಿದರು.

"ಇಪ್ಪತ್ತಾರು" ಅಂದರು. ಬೆರಳು ಮಡಿಚಿ ಲೆಕ್ಕ ಹಾಕಿದರು. "ಎರಡು ಉಳೀತದೆ, ತಾಯಿ. ಧೂಮ."

ದೊಡ್ಡಮುನಿಯಮ್ಮ ನಿಂತಲ್ಲೇ ಕುಸಿದು ಕೂತಳು. "ಹೊಗೆಯಾ? ಮತ್ತೆ ಹೊಗೆಯಾ, ಸ್ವಾಮಿ?" ಅಂದಳು.

ವೆಂಕಟಸ್ವಾಮಿ ಮಗನ ಕಡೆ ಒಂದು ಸಲ ನೋಡಿದ. ಆ ನೋಟದಲ್ಲಿ ಎಲ್ಲಾ ಗೊತ್ತಾಗಿಹೋಗಿತ್ತು. ಆಮೇಲೆ ಜನರ ಕಡೆ ತಿರುಗಿ, "ನನ್ ಕೈ ತಪ್ಪು" ಅಂದ. "ಪ್ಲಾನ್‌ನಾಗೆ ಸರಿಯಾಗೈತೆ. ನಾನೇ ನೋಡೋದ್ರಲ್ಲಿ ಎಡವಿದೆ." ಅಷ್ಟು ಹೇಳಿ ಮತ್ತೆ ಮಗನ ಕಡೆಯೇ ನೋಡುತ್ತ ನಿಂತ.

ಯುವರಾಜ ಕೈಲಿದ್ದ ಪ್ಲಾನನ್ನು ನಾಲ್ಕು ಮಡಿಕೆ ಮಾಡಿ, ಆ ಮಡಿಕೆಯನ್ನೇ ನೋಡಿದ. ಅಪ್ಪನೇ ಹೇಳಿಬಿಟ್ಟನಲ್ಲ, ಇನ್ನು ನಾನು ಹೇಳಿದರೆ ಅಪ್ಪನ ಮಾತು ಸುಳ್ಳಾಗುತ್ತದೆ ಎಂದು ಯಾವುದೋ ಒಂದು ನೆಪ ಆ ಕ್ಷಣದಲ್ಲಿ ಅವನಿಗೆ ಸಿಕ್ಕಿಬಿಟ್ಟಿತು. ಪಂಚೆ ಟವಲ್ಲು ಚೀಲದೊಳಕ್ಕೆ ವಾಪಸ್ಸು ಹೋದವು. ಮಾಡಿದ ಚಿತ್ರಾನ್ನವನ್ನು ಜನ ತಲೆ ಬಗ್ಗಿಸಿ ತಿಂದರು. "ಪಾಪ, ವಯಸ್ಸಾಯ್ತು ಮೇಸ್ತ್ರಿಗೆ" ಎಂದು ಯಾರೋ ಎಲೆ ಎತ್ತುತ್ತ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮಾರನೇ ದಿನದಿಂದ ವೆಂಕಟಸ್ವಾಮಿ ಬಡಗಲ ಗೋಡೆ ಕೀಳತೊಡಗಿದ. ಮೂವತ್ಮೂರು ಅಡಿ ಉದ್ದದ ಗೋಡೆ. ಕಲ್ಲು ಎಬ್ಬಿಸಿ, ಒಂದಡಿ ಒಳಕ್ಕೆ ಹೊಸ ಪಾಯ ತೋಡಿ, ಮತ್ತೆ ಅದೇ ಕಲ್ಲು ಕೂರಿಸಬೇಕು. ತನ್ನ ತಪ್ಪಿಗೆ ಬೇರೆ ಆಳು ಕರೆಯುವುದಿಲ್ಲ ಎಂದು ಮಂಗಮ್ಮನೊಬ್ಬಳನ್ನೇ ಜೊತೆಗಿಟ್ಟುಕೊಂಡ. ಮೊದಲ ದಿನ ಯುವರಾಜ ಹೋಗಿ ಹಾರೆ ಹಿಡಿದ. ಅಪ್ಪ ಬೇಡವೆನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ.

"ಅಲ್ಲ ಯುವರಾಜಪ್ಪ" ಎಂದಳು ಮಂಗಮ್ಮ, ಬಾಂಡಲಿ ಕೆಳಗಿಡುತ್ತ. "ಅಗಲ ಕಮ್ಮಿಯಾದ್ರೆ ಒಳಗಿನ್ ಮೆಟ್ಲು ಕೂರಾಕಿಲ್ಲ ಅಂತಾನೆ ನಿಮ್ಮಪ್ಪ. ಮೆಟ್ಲು ಮನೆಯೊಳಗ್ ಯಾಕೆ? ತಾರಸಿ ಮ್ಯಾಲೆ ರಾಗಿ ಒಣಗಾಕೋರು, ಹೂವ ಹರಡೋರು ಮಣ್ಣು ಕಾಲಲ್ಲಿ ನಡುಮನೇನೆಲ್ಲಾ ತುಳ್ಕೊಂಡು ಹತ್ಬೇಕಾ? ಹೊರಗಡೆ ಇಟ್ರೆ ಆಯ್ತಪ್ಪ."

ಎಂಥ ಮಾತು! ಐದು ವರ್ಷ ಓದಿದವನಿಗೆ ಅದು ಹೊಳೆದಿರಲಿಲ್ಲ. ಆ ಒಂದಡಿ ಬೇಕಾಗಿಯೇ ಇರಲಿಲ್ಲ. ಯುವರಾಜ ಹಾರೆಯನ್ನು ಗೋಡೆಗೆ ಒರಗಿಸಿದ. ಅಷ್ಟು ಹೊತ್ತಿಗೆ ಅಪ್ಪ, "ನೀನ್ ಮನೆಗೋಗು, ಫೋನ್ ಬತ್ತದೆ ನಿಂಗೆ" ಎಂದ. ತನ್ನ ಮೇಲಿನ ಕನಿಕರಕ್ಕೆ ಹೇಳುತ್ತಿದ್ದಾನೆ ಅಂದುಕೊಂಡು ಯುವರಾಜ ಕೈ ತೊಳೆದುಕೊಂಡು ಹೊರಟುಬಿಟ್ಟ. ಹೊರಟದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನು ತಾನೇ ಥೂ ಎಂದುಕೊಂಡ, ಆದರೂ ಕಾಲು ಹಿಂದಕ್ಕೆ ತಿರುಗಲಿಲ್ಲ.

ಮಾತು ಹರಡಲು ಎಷ್ಟು ಹೊತ್ತು? ಪಕ್ಕದ ಹಳ್ಳಿಯವರೊಬ್ಬರು ವೆಂಕಟಸ್ವಾಮಿಗೆ ಒಪ್ಪಿಸಿದ್ದ ಮನೆಯನ್ನು ಬೇರೆ ಮೇಸ್ತ್ರಿಗೆ ಕೊಟ್ಟರು. ಟೀ ಅಂಗಡಿಯಲ್ಲಿ ಒಬ್ಬ, "ಮೇಸ್ತ್ರಿಗೆ ಕಣ್ ಮಂಜಾಗೋಗದಂತೆ, ಇಪ್ಪತ್ತೈದಕ್ಕೂ ಇಪ್ಪತ್ತಾರಕ್ಕೂ ಯತ್ವಾಸ ಕಾಣಾಕಿಲ್ವಂತೆ" ಎಂದ. ಯುವರಾಜ ಅಲ್ಲೇ ಬೆಂಚಿನ ಮೇಲಿದ್ದ. ಎದ್ದು ನಿಂತು ಹೇಳಬಹುದಿತ್ತು. ಆದರೆ ಗ್ಲಾಸಿನಲ್ಲಿ ಉಳಿದ ಟೀ ಕುಡಿದ, ಗ್ಲಾಸಿಟ್ಟ, ಎದ್ದು ಬಂದ. ಈಗ ಬಸ್ಸು ಬಂದಾಗ ಮಾತ್ರವಲ್ಲ, ಹಗಲೆಲ್ಲ ಅವನಿಗೆ ಬಣವೆಯ ಮರೆ ಬೇಕೆನ್ನಿಸುತ್ತಿತ್ತು.

ಮುನಿರತ್ನಮ್ಮ ಊರಿನ ಮಾತನ್ನು ನಂಬಿಬಿಟ್ಟಳು. ಗಂಡ ತಾನೇ ಬಾಯಿಬಿಟ್ಟು ಹೇಳಿದ ಮೇಲೆ ನಂಬದೆ ಏನು ಮಾಡುತ್ತಾಳೆ? "ಯುವರಾಜೂ, ನಿಮ್ಮಪ್ಪನ್ನ ಹೊಸೂರ್ ಕಣ್ಣಾಸ್ಪತ್ರೆಗೆ ಕರ್ಕೊಂಡೋಗ್ಲಾ. ನಾನೇಳಿದ್ರೆ ಕೇಳಾಕಿಲ್ಲ" ಎಂದು ಗೋಗರೆದಳು. ಅಪ್ಪ ಒಲ್ಲೆ ಅನ್ನುತ್ತಾನೆ ಎಂದು ಯುವರಾಜ ಕಾದ. ಅಪ್ಪ ಅನ್ನಲಿಲ್ಲ. ಮಗನ ಮುಖವನ್ನು ತುಸು ಹೊತ್ತು ನೋಡಿ, "ಕರ್ಕೊಂಡ್ ಹೋಗ್ತೀಯಾ?" ಎಂದು ಕೇಳಿದ. "ಹ್ಞೂ" ಎಂದ ಯುವರಾಜ. ಶರ್ಟು ಹಾಕಿಕೊಂಡು ಬಂದೇಬಿಟ್ಟ ಅಪ್ಪ.

ಆಸ್ಪತ್ರೆಯಲ್ಲಿ ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ತಮಿಳು ಅಕ್ಷರ ಓದಿಸಿದರು. ವೆಂಕಟಸ್ವಾಮಿ ಓದಿದ್ದು ಐದನೇ ಕ್ಲಾಸು, ಅದೂ ಕನ್ನಡ ಸ್ಕೂಲು. ತಮಿಳನ್ನು ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತವನು. ಮೇಲಿನ ದೊಡ್ಡ ಅಕ್ಷರದಿಂದ ಹಿಡಿದು ಕೆಳಗಿನ ಇರುವೆಯಷ್ಟು ಸಣ್ಣ ಸಾಲಿನವರೆಗೆ ಒಂದೂ ಬಿಡದೆ ಓದಿದ. ಇನ್ನೊಂದು ಕಣ್ಣಿನಲ್ಲೂ ಹಾಗೇ. ಡಾಕ್ಟರಮ್ಮ ಆಶ್ಚರ್ಯಪಟ್ಟು ತಮಿಳಿನಲ್ಲಿ, "ಇವರನ್ನು ಯಾಕಪ್ಪ ಕರಕೊಂಡು ಬಂದೆ? ಕಣ್ಣು ನಿನಗಿಂತ ಚೆನ್ನಾಗಿದೆ" ಎಂದು ನಕ್ಕಳು.

ವೆಂಕಟಸ್ವಾಮಿಯೂ ಯುವರಾಜನ ಕಡೆ ತಿರುಗಿದ. ಏನು ಹೇಳುತ್ತಾನೋ ಎಂದು ಅವನೂ ಕಾಯುತ್ತಿದ್ದ. "ಸುಮ್ನೆ, ಒಂದ್ಸಲ ತೋರಿಸೋಣ ಅಂತ ಮೇಡಂ" ಎಂದ ಯುವರಾಜ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತು ದಾರಿಯುದ್ದಕ್ಕೂ ಹೊರಗಡೆಯೇ ನೋಡಿದ. ತಳಿಯಲ್ಲಿ ಇಳಿದು ಬಸ್ಸು ಬದಲಾಯಿಸುವಾಗ ಮಗನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಅಷ್ಟು ನಾಚಿಕೆ ಯುವರಾಜನಿಗೆ ಜನ್ಮದಲ್ಲಿ ಆಗಿರಲಿಲ್ಲ. ಆದರೆ ನೋಡಿ, ನಾಚಿಕೆ ಹೆಚ್ಚಾದಷ್ಟೂ ಬಾಯಿ ಇನ್ನೂ ಬಿಗಿಯಾಗುತ್ತಿತ್ತು. ಮೊದಲ ದಿನ ಹೇಳಲು ಒಂದು ತಪ್ಪಿತ್ತು. ಈಗ ಆ ತಪ್ಪು, ಅದರ ಮೇಲೆ ಸುಮ್ಮನಿದ್ದ ಇಷ್ಟೂ ದಿನ, ಎಲ್ಲವನ್ನೂ ಹೇಳಬೇಕಿತ್ತು.

ಮೂರನೇ ವಾರದ ಗುರುವಾರ ತಾರಸಿ ಮೇಲೆ ಫೋನು ಬಂತು. ಹೊಸೂರಿನ ಇನ್ನೊಂದು ಆಫೀಸು. ಈ ಸಲ 'ಸೊಲ್ರೋಂ' ಅನ್ನಲಿಲ್ಲ, ಸೋಮವಾರ ಬಂದು ಸೇರಿಕೊಳ್ಳಿ ಅಂದರು. ಫೋನಿಟ್ಟು ಟ್ಯಾಂಕಿಗೆ ಒರಗಿ ಕೂತ. ಸಂತೋಷ ಆಗಬೇಕಿತ್ತು, ಆಯಿತು ಕೂಡ. ಅದರ ಹಿಂದೆಯೇ, ಸದ್ಯ, ಇನ್ನು ಊರಲ್ಲಿರುವುದು ತಪ್ಪಿತು, ಮಾತು ತಾನಾಗಿ ತಣ್ಣಗಾಗುತ್ತದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಕೆಲಸದ ವಿಷಯ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಶುಕ್ರವಾರ ಮತ್ತೆ ಬಾಗಿಲು ನಿಲ್ಲಿಸುವ ಶಾಸ್ತ್ರ. ಬಡಗಲ ಗೋಡೆ ಒಂದಡಿ ಒಳಗೆ ಬಂದು ನಿಂತಿತ್ತು, ಕಲ್ಲುಗಳ ಸಂದಿಯಲ್ಲಿ ಹೊಸ ಗಾರೆ ಇನ್ನೂ ಹಸಿಯಾಗಿತ್ತು. ವೆಂಕಟಸ್ವಾಮಿಯ ಎಡಗೈ ಹೆಬ್ಬೆರಳಿಗೆ ಕಲ್ಲು ಬಿದ್ದು ಬಟ್ಟೆ ಸುತ್ತಿಕೊಂಡಿದ್ದ. ಈ ಸಲ ಗೂಟದ ಮೇಲಿನ ಗಜಕೋಲು ಇಳಿಸಿ ತಂದಿದ್ದ. ಜಯರಾಮಯ್ಯನವರಿಗೆ ಮಂಡಿನೋವು, ಕಲ್ಲಿನ ಮೇಲೆ ಕೂತಿದ್ದರು. "ನೀನೇ ಅಳೀ ವೆಂಕಟಸ್ವಾಮಿ, ನಾನ್ ಲೆಕ್ಕ ಮಾಡ್ತೀನಿ" ಅಂದರು.

ವೆಂಕಟಸ್ವಾಮಿ ಕೋಲು ಹಿಡಿದು ಬಗ್ಗಿದ.

"ಮೇಸ್ತ್ರಿ ಬ್ಯಾಡ" ಅಂದಳು ದೊಡ್ಡಮುನಿಯಮ್ಮ. ಮಾತು ಗಡುಸಾಗಿರಲಿಲ್ಲ, ಹೆದರಿಕೆಯಿಂದ ಬಂದಿತ್ತು. "ನಿನ್ ಮ್ಯಾಲೆ ಕ್ವಾಪ ಇಲ್ಲ ಕಣಣ್ಣ. ಕಣ್ಣು ಯಾರ್ ಮಾತು ಕೇಳ್ತದೆ? ಯುವರಾಜು ಅಳೀಲಿ. ಓದಿರೋನು, ಅವ್ನು ಅಳೆದ್ರೆ ನಂಗೆ ನಂಬ್ಕೆ."

ಜನರಲ್ಲಿ ಒಬ್ಬಿಬ್ಬರು ಹೌದು ಹೌದು ಅಂದರು. ವೆಂಕಟಸ್ವಾಮಿ ನಿಧಾನಕ್ಕೆ ನೆಟ್ಟಗಾದ. ನಲವತ್ತು ವರ್ಷ ಹಿಡಿದ ಕೋಲನ್ನು ಮಗನ ಕಡೆ ಚಾಚಿದ. ಮುಖದಲ್ಲಿ ಸಿಟ್ಟಿಲ್ಲ, ಏನೂ ಇಲ್ಲ. ಹೆಬ್ಬೆರಳ ಬಟ್ಟೆ ಮಾತ್ರ ಕೆಂಪಗಿತ್ತು.

ಯುವರಾಜ ಕೋಲು ತೆಗೆದುಕೊಂಡ. ಅಪ್ಪನ ಕೈ ಸವೆಸಿದ ಜಾಗ ನುಣ್ಣಗಿತ್ತು. ತೆಂಕಲ ಗೋಡೆಯ ಅಂಚಿಗೆ ಕೋಲಿಟ್ಟು ಬಗ್ಗಿದವನು ಒಂದು ಗಜವೂ ಮಗುಚಲಾರದೆ ಹಾಗೇ ಕೂತುಬಿಟ್ಟ.

"ಅಜ್ಜೀ, ಅವತ್ತಿನ ತಪ್ಪು ಅಪ್ಪಂದಲ್ಲ" ಎಂದ. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಎದ್ದು ನಿಂತು ಗಟ್ಟಿಯಾಗಿ ಹೇಳಿದ. "ತಪ್ಪು ನಂದು. ಪ್ಲಾನಲ್ಲೇ ಇಪ್ಪತ್ತಾರು ಬರ್ದಿದ್ದೆ. ಮರೆತು ಬರ್ದಿದ್ದಲ್ಲ, ಗೊತ್ತಿದ್ದೇ ಬರ್ದೆ. ಇಪ್ಪತ್ತೈದೇ ತಾನೆ ಅಂತ ಅಪ್ಪ ಕೇಳ್ದಾಗ್ಲೂ ಹೇಳ್ಲಿಲ್ಲ. ಅವನ ಕಣ್ಣಿಗೇನೂ ಆಗಿಲ್ಲ."

"ಗೊತ್ತಿದ್ದೂನಾ?" ಅಂದಳು ದೊಡ್ಡಮುನಿಯಮ್ಮ. "ನನ್ ಮನೆ ಸುಟ್ಟಿದ್ದು ಗೊತ್ತಿದ್ದೂನಾ?"

"ಹ್ಞೂ ಅಜ್ಜಿ."

"ಯಾಕ್ಲಾ?"

ಮೆಟ್ಟಿಲಿಗೆ, ಬೆಳಕಿಗೆ, ಒಂದು ಫೋಟೋಗೆ ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಮುದುಕಿ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡ, ಹೊಡೆದಿದ್ದರೆ ನಿಂತು ಹೊಡೆಸಿಕೊಳ್ಳುತ್ತಿದ್ದ. ಅವಳು ಅವನ 'ಓದಿರೋ' ಕೈಯಿಂದ ಕೋಲು ಕಿತ್ತುಕೊಂಡು ವೆಂಕಟಸ್ವಾಮಿಯ ಮುಂದೆ ಹಿಡಿದಳು. "ನೀನೇ ಅಳೀ ಅಣ್ಣ. ನಾನ್ ಆಡಿದ್ ಮಾತು ಒಟ್ಟೆಗಾಕ್ಕೋ" ಅಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

ವೆಂಕಟಸ್ವಾಮಿ ಅಳೆದ. ಎಂಟು ಗಜ, ಒಂದಡಿ. ಕೂದಲೆಳೆ ಆಚೀಚೆ ಇಲ್ಲ. ಜಯರಾಮಯ್ಯ ಬೆರಳು ಮಡಿಚಿ, "ಒಂದು ಉಳೀತು. ಧ್ವಜ. ವೆಂಕಟಸ್ವಾಮಿ ಕೈ, ಸರಿ" ಎಂದರು. ಬಾಗಿಲು ಎದ್ದು ನಿಂತಿತು. ದೊಡ್ಡಮುನಿಯಮ್ಮ ಎಲ್ಲರ ಮುಂದೆ ಪಂಚೆ ಟವಲ್ಲು ಕೊಟ್ಟು ಮೇಸ್ತ್ರಿಗೆ ಕೈ ಮುಗಿದಳು. ಯುವರಾಜನ ಕಡೆ ಒಬ್ಬರೂ ನೋಡಲಿಲ್ಲ. ಎಲ್ಲರೂ ನೋಡಬಾರದೆಂದೇ ನೋಡಲಿಲ್ಲ, ಅದೂ ಅವನಿಗೆ ಗೊತ್ತಾಯಿತು.

ಊಟಕ್ಕೆ ಎಲೆ ಹಾಕುವಾಗ ಅಪ್ಪ ನೀರಿನ ಡ್ರಮ್ಮಿನ ಹತ್ತಿರ ಹೋಗಿ ಹೆಬ್ಬೆರಳ ಬಟ್ಟೆ ಬಿಚ್ಚಿ ತೊಳೆಯುತ್ತಿದ್ದ. ಯುವರಾಜ ಹೋಗಿ ಚೊಂಬಿನಲ್ಲಿ ನೀರು ಹಾಕಿದ. ಮೂರು ವಾರ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಈಗಲಾದರೂ ಹೇಳಬೇಕೆನಿಸಿತು.

"ಅಪ್ಪಾ, ನನ್ನ ಕಾಪಾಡೋಕೋಗಿ ನೀನು ಇಷ್ಟೆಲ್ಲ..."

"ಕಾಪಾಡಾಕಾ?" ವೆಂಕಟಸ್ವಾಮಿ ತಲೆಯೆತ್ತಿದ. "ಯಾರ್ ನಿಂಗೆ ಹಂಗಂದೋರು?"

ಯುವರಾಜ ಚೊಂಬಿನಲ್ಲಿ ಉಳಿದ ನೀರನ್ನು ನೆಲಕ್ಕೆ ಚೆಲ್ಲಿದ.

"ನನ್ ತಪ್ಪು ಅಂತ ಯಾಕಂದೆ ಗೊತ್ತೇನ್ಲಾ? ನಾನಂದ ಕೂಡ್ಲೆ ನೀನು 'ಇಲ್ಲಪ್ಪ, ನಂದು' ಅಂತೀಯ ಅಂತ ಅಂದೆ. ಜನ ಹೇಳೋಕ್ ಮುಂಚೆ ನಿನ್ ಬಾಯಲ್ಲಿ ಬರ್ಲಿ ಅಂತ. ಅವತ್ತು ನಿನ್ ಮಕ ನೋಡ್ಕೊಂಡು ನಿಂತಿದ್ನಲ್ಲ, ಅದ್ಕೇ." ಹೆಬ್ಬೆರಳಿಗೆ ಒಣಬಟ್ಟೆ ಸುತ್ತಿ ಹಲ್ಲಿನಲ್ಲಿ ಗಂಟೆಳೆದ. "ಇವತ್ ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ಕಣ್ಣಾಸ್ಪತ್ರೆಗಂಟ ಬಂದು ಕಾದೆ ಕಣ್ಲಾ."

ಹೊಸ ಟವಲ್ಲು ಹೆಗಲ ಮೇಲೆ ಸರಿಮಾಡಿಕೊಂಡು ಅವನು ಪಂಕ್ತಿಯ ಕಡೆ ಹೋದ. ಸೋಮವಾರ ಕೆಲಸಕ್ಕೆ ಸೇರಬೇಕು ಎಂಬ ಮಾತು ಯುವರಾಜನ ಬಾಯಿಯ ತುದಿಯವರೆಗೆ ಬಂದಿತ್ತು. ಆ ಹೊತ್ತಿನಲ್ಲಿ ಅದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು? ಕೈಯಲ್ಲಿ ಖಾಲಿ ಚೊಂಬು ಹಿಡಿದುಕೊಂಡು ಡ್ರಮ್ಮಿನ ಪಕ್ಕ ನಿಂತೇ ಇದ್ದ. ಕೊನೆಗೆ ಮಂಗಮ್ಮ ಎಲೆ ಮುಂದೆ ಕೂತು, "ಬಾಪ್ಪ ಯುವರಾಜೂ, ಎಲೆ ಹಾಕೈತೆ" ಎಂದು ಕೂಗಿದಳು. ಅವಳು ಕೂಗಿದ್ದು ಅಪ್ಪನ ಪಕ್ಕದ ಎಲೆಗೆ.